ಶುಶ್ರೂಷೆಯ ಕಲಿಕೆ

ಲಕ್ಕೂರಿನ ನಮ್ಮ ಮನೆಯಲ್ಲಿ ಅಜ್ಜಿಯವರು ಹಾಸಿಗೆ ಹಿಡಿದಾಗ, ಅವರನ್ನು ನೋಡಿಕೊಳ್ಳಲು ನೆರೆಯ ಹೆಂಗಸೊಬ್ಬಳನ್ನು ಗೊತ್ತುಮಾಡಿದೆವು. ಅವಳ ರಟ್ಟೆ ಬಲವುಳ್ಳದ್ದು, ಮನಸ್ಸು ಮೃದು. ಮತ್ತೇನು ಬೇಕೆಂದು ನಿಶ್ಚಿಂತರಾದೆವು. ತಿಂಗಳೊಳಗೆ ಅಜ್ಜಿಯವರ ಬೆನ್ನಿನ ಕೆಳಗೆ ಹುಣ್ಣೆದ್ದಿತು. ತಪ್ಪನ್ನು ಅವಳ ಮೇಲೆ ಹೊರಿಸಲಾರೆವು. ಕೆಂಪಾದ ಚರ್ಮಕ್ಕೆ ಎಣ್ಣೆ ಹಚ್ಚಿ ತಿಕ್ಕೆಂದು ಹೇಳಿದವರು ನಾವೇ.

ಆಮೇಲೆ ಬಂದ ದಾದಿಯೊಬ್ಬರು ತೋರಿಸಿಕೊಟ್ಟರು: 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಕಂಕುಳಿಗೆ ಕೈಯಿಟ್ಟು ಎಳೆಯದೆ, ಮೈಕೆಳಗೆ ಮಡಿಸಿದ ದುಪ್ಪಟಿ ಹಾಸಿ ಇಬ್ಬರು ಎತ್ತಿ ಸರಿಸಬೇಕು, ಕೆಂಪಾದೆಡೆಯನ್ನು ತಿಕ್ಕಲೇಬಾರದು, ಗಂಜಿಯನ್ನು ಒರಗಿಸಿ ಕೂರಿಸಿಯೇ ಕುಡಿಸಬೇಕು, ಇಲ್ಲವಾದರೆ ಅದು ಶ್ವಾಸನಾಳಕ್ಕೆ ಇಳಿದೀತು. ಆ ಹೆಂಗಸು ಒಂದೇ ದಿನದಲ್ಲಿ ಕಲಿತಳು. ಹುಣ್ಣು ಮಾಯಲು 3 ತಿಂಗಳು ಹಿಡಿಯಿತು.

ಹಿಂದಿನ ಮುದುಕರಿಗೆ ಹೊತ್ತಿಗೆ ಮುದ್ದೆ, ಜಗುಲಿಯಲ್ಲೊಂದು ಚಾಪೆ ಸಾಕೆನ್ನುತ್ತಿದ್ದರು. ಈಗ ಆಯುಸ್ಸು ಬೆಳೆದಿದೆ. ಅದರೊಡನೆ ಸಕ್ಕರೆ ಕಾಯಿಲೆ, ಮರೆವುಗಳೂ ಬಂದಿವೆ. 2024ರಲ್ಲಿ ಸರ್ಕಾರವು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ‘ಗೃಹ ಆರೋಗ್ಯ’ ಯೋಜನೆಯನ್ನು ಆರಂಭಿಸಿ, ಮನೆಮನೆಯಲ್ಲಿ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸುವ ಏರ್ಪಾಡು ಮಾಡಿದ್ದು ಸಂತೋಷವೇ. ಆದರೆ ಪರೀಕ್ಷಿಸಿದವರು ಹೋದಮೇಲೆ ಹಗಲಿರುಳೂ ಹಾಸಿಗೆಯ ಬಳಿ ಇರುವವಳಿಗೆ ಕಲಿಸುವವರಾರು? ಹುಣ್ಣೆದ್ದ ಬಳಿಕ ಕಲಿತರೆ ಸಾಕೆ?

ಆ ಹೆಂಗಸು ಈಗ ಪಕ್ಕದ ಬೀದಿಯ ವೃದ್ಧರೊಬ್ಬರನ್ನು ನೋಡಿಕೊಳ್ಳುತ್ತಿದ್ದಾಳೆ. ಮೊದಲ ದಿನವೇ ಆ ಮನೆಯವರಲ್ಲಿ ಒಂದು ದಪ್ಪ ದುಪ್ಪಟಿಯನ್ನೂ ಗೋಡೆಗಡಿಯಾರವನ್ನೂ ಕೇಳಿದಳಂತೆ.