ಕಾರಿನ ಕೆಮ್ಮು

ಪಂಪ್ ಸ್ಟವ್ ಹಚ್ಚಿ ಅಡುಗೆ ಮಾಡಿದ ಹೆಂಗಸಿಗೆ ಕಾರಿನ ಕಾರ್ಬುರೇಟರ್ ಅರ್ಥವಾಗದೆ ಇರಲು ಸಾಧ್ಯವಿಲ್ಲ ಎಂಬುದು ನನ್ನ ವಾದ. ಸೀಮೆಎಣ್ಣೆಯ ಟ್ಯಾಂಕು, ಗಾಳಿ ಹೊಡೆಯುವ ಪಂಪು, ಎಣ್ಣೆ ಚಿಮ್ಮುವ ಪುಟ್ಟ ನಿಪ್ಪಲ್ಲು, ಅದರಲ್ಲಿ ಕಸ ಕೂತರೆ ಚುಚ್ಚಲು ಪಿನ್ನು. ಎಣ್ಣೆ ಸಾಲದಿದ್ದರೆ ಉರಿ ಬಿಕ್ಕಳಿಸುತ್ತದೆ. ಎಣ್ಣೆ ಹೆಚ್ಚಾದರೆ ಹಳದಿ ಜ್ವಾಲೆ ಎದ್ದು ಪಾತ್ರೆಯ ತಳವೆಲ್ಲ ಮಸಿ. ನಮ್ಮಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಲೇ ಒಳಗಿನ ಸ್ಟವ್ವಿನ ಸದ್ದು ಕೇಳಿ, "ಪಿನ್ ಹಾಕೇ" ಎಂದು ಕೂಗುತ್ತಿದ್ದಳು. ಇಂಧನ ಮತ್ತು ಗಾಳಿಯ ಹದದ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಬಿ.ಎ., ಬಿ.ಎಡ್. ಎಲ್ಲ ಆಮೇಲಿನದು.

ನಮ್ಮ ಮನೆಯಲ್ಲಿರುವುದು 1998ರ ಮಾರುತಿ 800. ಈ ಕಾರಿನ ಪರಿಚಯ ಯಾರಿಗೆ ಬೇಕು ಹೇಳಿ? 1983ರ ಡಿಸೆಂಬರಿನಲ್ಲಿ ಮೊದಲ ಕಾರು ರಸ್ತೆಗಿಳಿಯಿತು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರು, 796 ಸಿ.ಸಿ.ಯ ಪುಟ್ಟ ಎಂಜಿನ್ನು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕಂಪ್ಯೂಟರಿನ ಏರ್ಪಾಡು ಬರುವುದಕ್ಕೆ ಮುಂಚಿನ ಕಾರಾದ್ದರಿಂದ ನಮ್ಮದರಲ್ಲಿರುವುದು ಕಾರ್ಬುರೇಟರು. ಹದಿನೈದು ವರ್ಷ ತುಂಬಿದಾಗ, ಅಂದರೆ 2013ರಲ್ಲಿ, ನೋಂದಣಿ ನವೀಕರಿಸಿದೆವು. ಆಮೇಲೆ ಐದೈದು ವರ್ಷಕ್ಕೊಮ್ಮೆ, 2018ರಲ್ಲಿ, 2023ರಲ್ಲಿ. ಪ್ರತಿ ಸಲವೂ ಪರೀಕ್ಷೆಗೆ ಮಗಳನ್ನು ಕೂರಿಸಿದ ತಾಯಿಯಂತೆ ಆರ್.ಟಿ.ಓ. ಕಚೇರಿಯ ಮುಂದೆ ನಿಂತಿದ್ದೇನೆ.

ಕಾರು ಕೊಂಡವರು ನಮ್ಮ ಯಜಮಾನರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿಸಿದವರೂ ಅವರೇ. ಗ್ಲಾಕೋಮಾ ಎಂಬ ಕಳ್ಳರೋಗ ಅವರ ಕಣ್ಣಿನ ಅಂಚುಗಳನ್ನು ಸದ್ದಿಲ್ಲದೆ ತಿಂದುಹಾಕಿತು. ಎದುರಿನದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಡಾಕ್ಟರು ಹೇಳಿದ ದಿನವೇ ಬೀಗದ ಕೈಯನ್ನು ನನ್ನ ಕೈಗಿಟ್ಟು, "ಇನ್ನು ನೀನೇ" ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಆದರೆ ಮನೆಯಲ್ಲಿ ತಾವೊಂದು ಪೀಠೋಪಕರಣ ಎಂಬಂತೆ ಕೂರಲು ಶುರು ಮಾಡಿದರು. ಹೇಳದೆ ಇದ್ದರೂ ಹೆಂಡತಿಗೆ ತಿಳಿಯುವುದಿಲ್ಲವೇ?

ನಮ್ಮದು ತೀರ್ಥಹಳ್ಳಿ. ನನ್ನ ತವರು ಘಟ್ಟದ ಕೆಳಗೆ, ಹೆಬ್ರಿಯ ಹತ್ತಿರ. ಅಮ್ಮನಿಗೆ ಎಂಬತ್ತೆರಡು. ಮನೆ ಬಿಟ್ಟು ಬರಲೊಲ್ಲಳು. ಹದಿನೈದು ದಿನಕ್ಕೊಮ್ಮೆ ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಆಗುಂಬೆ ಘಾಟಿ ಇಳಿದು ಹೋಗುತ್ತೇವೆ, ಭಾನುವಾರ ಹತ್ತಿ ಬರುತ್ತೇವೆ. ಹದಿನಾಲ್ಕು ಹೇರ್‌ಪಿನ್ ತಿರುವು. ಹೋದ ವರ್ಷ ಮಳೆಗಾಲ ಮುಗಿದ ಮೇಲೊಂದು ಭಾನುವಾರ, ಅರ್ಧ ಘಾಟಿ ಹತ್ತಿದ್ದೇವೆ, ಕಾರು ಕೆಮ್ಮತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಎಳೆತ ಕಡಿಮೆ. ಜರ್ಕು ಹೊಡೆಯಿತು, ಮುಗ್ಗರಿಸಿತು. ಹಿಂದೆ ಸಾಲು ವಾಹನ. ದೀಪ ಮಿನುಗಿಸಿ, ಅಗಲವಿದ್ದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆ. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು. ಎರಡು ತಿರುವು ದಾಟಿದ ಮೇಲೆ ಮತ್ತೆ ಅದೇ ರಾಗ.

ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಇವರು, "ಇದು ರೋಗವಲ್ಲ ಕಣೇ, ಹಸಿವು" ಎಂದರು.

ಊರಿನ ದೊಡ್ಡದೊಂದು ಗ್ಯಾರೇಜಿನಲ್ಲಿ ತೋರಿಸಿದೆ. ಹುಡುಗ ಎರಡು ಸಲ ಆಕ್ಸಿಲರೇಟರ್ ಒತ್ತಿ, "ಎಂಜಿನ್ ಕೆಲಸ ಇದೆ ಮೇಡಂ, ರಿಂಗ್ ಹೋಗಿದೆ, ಮೂವತ್ತು ಸಾವಿರ ಆಗುತ್ತೆ. ಮಾರಿಬಿಡೋದು ವಾಸಿ" ಎಂದ. ಬೆಂಗಳೂರಿನಿಂದ ಮಗನೂ ಫೋನಿನಲ್ಲಿ, "ಅಮ್ಮ, ಗುಜರಿಗೆ ಹಾಕಿ. ಅಜ್ಜಿ ಮನೆಗೆ ಬಾಡಿಗೆ ಕಾರಿನಲ್ಲಿ ಹೋಗಿಬನ್ನಿ" ಎಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಇವರು ಕೂರುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಎಂಜಿನ್ ಸದ್ದು ಕೇಳಿ ಮಾತಾಡಲು ಅಲ್ಲಿ ಇವರಿಗೆ ಏನಿದೆ?

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಉತ್ತರ ತಪ್ಪಾದರೆ ಇಡೀ ಪುಟ ಹೊಡೆದುಹಾಕುವುದಿಲ್ಲ, ಯಾವ ಹಂತದಲ್ಲಿ ತಪ್ಪಿತು ಎಂದು ಮೇಲಿನಿಂದ ನೋಡುತ್ತಾ ಬರುತ್ತೇವೆ. ಒಂದು ನೋಟ್ ಪುಸ್ತಕ ತೆಗೆದೆ. ಎಲ್ಲಿ, ಎಷ್ಟು ವೇಗದಲ್ಲಿ, ಎಂಜಿನ್ ತಣ್ಣಗೋ ಬಿಸಿಯೋ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟು ಎಂದು ನಾಲ್ಕು ಕಾಲಂ ಎಳೆದೆ. ಇವರು ಸದ್ದು ಕೇಳಿ ಹೇಳಿದರು, ನಾನು ಬರೆದೆ. ಮೂರು ವಾರದಲ್ಲಿ ಚಿತ್ರ ತಿಳಿಯಾಯಿತು. ನಿಂತಲ್ಲಿ ನಿಂತು ಉರಿಯುವಾಗ ಎಂಜಿನ್ನು ಸಮ. ಪೇಟೆಯಲ್ಲಿ ಸುತ್ತುವಾಗಲೂ ತೊಂದರೆಯಿಲ್ಲ. ಏರಿನಲ್ಲಿ ಮಾತ್ರ ಕೆಮ್ಮು. ಟ್ಯಾಂಕು ತುಂಬಿದ್ದರೆ ಕಡಿಮೆ, ತಳ ಮುಟ್ಟುತ್ತಾ ಬಂದರೆ ಹೆಚ್ಚು.

ಈ ಪುಸ್ತಕ ಹಿಡಿದು ಊರಿನ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಎಲ್ಲರೂ ಅವರನ್ನು ಸಾಬರು ಎಂದೇ ಕರೆಯುವುದು. ಸಾಬರು ಕನ್ನಡಕ ಏರಿಸಿ ಪೂರ್ತಿ ಓದಿ, "ಅಕ್ಕೋರೆ, ಅರ್ಧ ಕೆಲಸ ನೀವೇ ಮಾಡಿದೀರಿ" ಎಂದರು. ಒಂದು ಸಿಲಿಂಡರ್ ಸತ್ತಿದ್ದರೆ ನಿಂತಲ್ಲೂ ನಡುಗಬೇಕಿತ್ತು, ನಡುಗುತ್ತಿಲ್ಲ. ಮೂರು ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಪ್ಲಗ್ಗಿನ ಮೂತಿ ಕಾಫಿಪುಡಿಯ ಬಣ್ಣವಿದ್ದರೆ ಆರೋಗ್ಯ. ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು. ನಮ್ಮವು ಮೂರೂ ಬೆಳ್ಳಗೆ ಬಿಳುಚಿಕೊಂಡಿದ್ದವು. ಅಂದರೆ ಗಾಳಿಯೇ ಹೆಚ್ಚು, ಪೆಟ್ರೋಲು ಸಾಲದು. ಪ್ಲಗ್ಗಿನ ಜಾಗಕ್ಕೆ ಒಂದು ಗೇಜು ಸಿಕ್ಕಿಸಿ ಒತ್ತಡ ನೋಡಿದರು. ಮೂರು ಸಿಲಿಂಡರಿನಲ್ಲೂ ಹೆಚ್ಚುಕಡಿಮೆ ಒಂದೇ, ಚೆನ್ನಾಗಿಯೇ ಇದೆ. ರಿಂಗಿನ ಮಾತು ಅಲ್ಲಿಗೆ ಮುಗಿಯಿತು. ಮೂವತ್ತು ಸಾವಿರವೂ ಉಳಿಯಿತು.

ಇನ್ನು ಪೆಟ್ರೋಲಿನ ದಾರಿ. ಹಿಂದಿನ ಟ್ಯಾಂಕಿನಿಂದ ಪೈಪಿನಲ್ಲಿ ಬಂದು, ಫಿಲ್ಟರ್ ದಾಟಿ, ಎಂಜಿನ್ನಿನ ಪಕ್ಕದ ಪಂಪು ಎಳೆದು ಕೊಟ್ಟದ್ದು ಕಾರ್ಬುರೇಟರಿಗೆ ಹೋಗುತ್ತದೆ. ಸಾಬರು ಮೊದಲು ಟ್ಯಾಂಕಿನ ಮುಚ್ಚಳ ನೋಡಿದರು. ಅದರ ಗಾಳಿಗಂಡಿ ಮುಚ್ಚಿದರೆ ಒಳಗೆ ನಿರ್ವಾತವಾಗಿ ಪೆಟ್ರೋಲು ಬರುವುದಿಲ್ಲವಂತೆ. ಅದು ಸರಿಯಿತ್ತು. ಫಿಲ್ಟರ್ ಹೊಸದು ಹಾಕಿದರೂ ಗುಣವಾಗಲಿಲ್ಲ. ಆಮೇಲೆ ಕಿಡಿ ಹಾರದಂತೆ ಕಾಯಿಲಿನ ತಂತಿ ಕಿತ್ತು, ಕಾರ್ಬುರೇಟರಿಗೆ ಹೋಗುವ ಪೈಪನ್ನು ಒಂದು ಸೀಸೆಗೆ ಇಳಿಬಿಟ್ಟು, ಸ್ಟಾರ್ಟರ್ ತಿರುಗಿಸಲು ಹೇಳಿದರು. ಪೆಟ್ರೋಲು ಬಂತು. ಆದರೆ ಜೊತೆಗೆ ಗುಳ್ಳೆ, ಗುಳ್ಳೆ, ಬರೀ ಗುಳ್ಳೆ.

ಇವರು ದೂರದ ಬೆಂಚಿನಿಂದಲೇ, "ಸಾಬರೇ, ಎಲ್ಲೋ ಗಾಳಿ ಕುಡೀತಿದೆ" ಎಂದರು. ಸಾಬರು ತಿರುಗಿ ನೋಡಿ, "ಅದೇ ಸ್ವಾಮಿ, ಅದೇ" ಎಂದರು.

ಎಳನೀರಿನ ಸ್ಟ್ರಾದಲ್ಲಿ ಸಣ್ಣ ಸೀಳಿದ್ದರೆ ಏನಾಗುತ್ತದೆ? ಒಂದು ಹನಿಯೂ ಹೊರಗೆ ಸೋರುವುದಿಲ್ಲ, ಎಷ್ಟು ಹೀರಿದರೂ ಬಾಯಿಗೆ ಬರುವುದು ಗಾಳಿಯೇ. ಟ್ಯಾಂಕಿನ ಹತ್ತಿರದ ಗೇಣುದ್ದದ ರಬ್ಬರ್ ಪೈಪು ವಯಸ್ಸಾಗಿ ಬಿರುಕು ಬಿಟ್ಟಿತ್ತು. ಪಂಪು ಹೀರುವ ಬದಿಯಾದ್ದರಿಂದ ನೆಲಕ್ಕೆ ತೊಟ್ಟಿಕ್ಕುತ್ತಿರಲಿಲ್ಲ, ವಾಸನೆಯೂ ಅಷ್ಟಕ್ಕಷ್ಟೇ. ನಿಂತಾಗ ಎಂಜಿನ್ನಿಗೆ ಬೇಕಾದದ್ದು ಚಮಚದ ಲೆಕ್ಕ, ಸಾಲುತ್ತಿತ್ತು. ಏರಿನಲ್ಲಿ ಕೇಳುವುದು ಹೆಚ್ಚು. ಮೇಲಾಗಿ ಕಾರಿನ ಮೂತಿ ಮೇಲೆದ್ದು ಟ್ಯಾಂಕು ಕೆಳಗಾಗುವುದರಿಂದ ಇನ್ನಷ್ಟು ಜೋರಾಗಿ ಎಳೆಯಬೇಕು. ಎಳೆದಷ್ಟೂ ಗಾಳಿ. ನಿಂತು ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ನು ಕೇಳುವುದು ಕಡಿಮೆಯಾದ್ದರಿಂದ ಕಾರ್ಬುರೇಟರಿನ ಬಟ್ಟಲು ತುಂಬಿಕೊಳ್ಳುತ್ತದೆ, ಎರಡು ತಿರುವಿಗೆ ಸಾಕಾಗುತ್ತದೆ. ನೋಟ್ ಪುಸ್ತಕದ ನಾಲ್ಕು ಕಾಲಂಗಳೂ ಒಂದೇ ಉತ್ತರಕ್ಕೆ ಬಂದು ನಿಂತವು.

ಸಾಬರು ಇನ್ನೊಂದು ಕಿವಿಮಾತು ಹೇಳಿದರು. ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ 2025ರ ಹೊತ್ತಿಗೆ ದೇಶದಲ್ಲೆಲ್ಲ ಹರಡಿತು. ಕಬ್ಬಿನಿಂದಲೂ ಧಾನ್ಯದಿಂದಲೂ ಬರುವ ಈ ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ. ಹಳೆಯ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ. ಆದ್ದರಿಂದ ಹಳೆಯ ಕಾರಿನವರು ಇದಕ್ಕೆ ತಾಳುವ ಪೈಪು, ಗ್ಯಾಸ್ಕೆಟ್ ಹಾಕಿಸಿಕೊಳ್ಳಬೇಕು, ತಿಂಗಳುಗಟ್ಟಲೆ ಕಾರನ್ನು ನಿಲ್ಲಿಸಿಡಬಾರದು. ನಮ್ಮ ಮಲೆನಾಡಿನ ಮಳೆಗಾಲಕ್ಕಂತೂ ಈ ಮಾತು ಬರೆದಿಟ್ಟುಕೊಳ್ಳುವಂಥದು. ಪೈಪು ಬಿಚ್ಚುವ ಕೆಲಸವನ್ನು ಮಾತ್ರ ಯಾರೂ ಮನೆಯಲ್ಲಿ ಮಾಡಬೇಡಿ. ಪೆಟ್ರೋಲಿನ ಆವಿ ದೇವರ ದೀಪದ ಕಿಡಿಗೂ ಹೊತ್ತಿಕೊಳ್ಳುತ್ತದೆ. ನೋಡಿ, ಕೇಳಿ, ಬರೆದಿಡಿ. ಸ್ಪ್ಯಾನರ್ ಹಿಡಿಯುವವರು ಬೇರೆ ಇದ್ದಾರೆ.

ಪೈಪು, ಕ್ಲಾಂಪು, ಫಿಲ್ಟರು, ಕೂಲಿ ಎಲ್ಲ ಸೇರಿ ಆರುನೂರ ನಲವತ್ತು ರೂಪಾಯಿ ಆಯಿತು. ಮುಂದಿನ ಭಾನುವಾರ ಘಾಟಿಯ ಹದಿನಾಲ್ಕು ತಿರುವನ್ನೂ ಕಾರು ಒಂದೇ ಉಸಿರಿಗೆ ಹತ್ತಿತು. ಮಗನಿಗೆ ಫೋನ್ ಮಾಡಿ ಇವರೇ ವಿವರ ಹೇಳಿದರು, ಅರ್ಧ ಗಂಟೆ. ಗುಳ್ಳೆಯ ವರ್ಣನೆಗೇ ಹತ್ತು ನಿಮಿಷ ಹಿಡಿಯಿತು.

ಸುದ್ದಿ ಬೀದಿಗೆಲ್ಲ ಹಬ್ಬಿದೆ. ಈಗ ಸಂಜೆಯಾದರೆ ಯಾರಾದರೊಬ್ಬರು ಸ್ಕೂಟರನ್ನೋ ಬೈಕನ್ನೋ ನಮ್ಮ ಜಗುಲಿಯ ಮುಂದೆ ತಂದು ನಿಲ್ಲಿಸಿ, "ಸ್ವಲ್ಪ ಕೇಳಿ ಹೇಳಿ ಸಾರ್" ಎನ್ನುತ್ತಾರೆ. ಇವರು ಕಣ್ಣು ಮುಚ್ಚಿ ಕೇಳುತ್ತಾರೆ, ಪ್ರಶ್ನೆ ಹಾಕುತ್ತಾರೆ, ಗದರುತ್ತಾರೆ. ಬಂದವರಿಗೆಲ್ಲ ಕಾಫಿ ಮಾಡಿ ಮಾಡಿ ನನಗೆ ಸಾಕಾಗಿದೆ. ಹೋದ ತಿಂಗಳು ಕಾಫಿಪುಡಿಯ ಖರ್ಚು ಪೈಪಿನ ಖರ್ಚನ್ನು ಮೀರಿತು. ಆ ಲೆಕ್ಕವನ್ನು ಮಾತ್ರ ನಾನು ಯಾವ ಕಾಲಂನಲ್ಲೂ ಬರೆದಿಟ್ಟಿಲ್ಲ.