ಆಡಿದವರು, ಆಡಿಸುವವರು

ಬೇಸ್‌ಬಾಲ್ ಆಟದಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಮೇಷ್ಟರ ಉಡುಪು. ಫುಟ್‌ಬಾಲಿನ ಕೋಚು ಕೋಟು ತೊಟ್ಟು ಗೆರೆಯಾಚೆ ನಿಂತಿರುತ್ತಾನೆ. ಕ್ರಿಕೆಟ್ಟಿನ ಕೋಚು ಕಪ್ಪು ಕನ್ನಡಕ ಹಾಕಿಕೊಂಡು ಮೇಲೆ ಬಾಲ್ಕನಿಯಲ್ಲಿ ಕೂತಿರುತ್ತಾನೆ. ಖೋ ಖೋ ಆಡಿಸುತ್ತಿದ್ದ ನಾನು ಸೀರೆಗೆ ಪಿನ್ನು ಚುಚ್ಚಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು 36 ವರ್ಷ ಕಳೆದವಳು. ಬೇಸ್‌ಬಾಲಿನಲ್ಲಿ ಮಾತ್ರ ಐವತ್ತು ದಾಟಿ ಹೊಟ್ಟೆ ಬಂದ ಮೇಷ್ಟರೂ ಇಪ್ಪತ್ತರ ಹುಡುಗರು ಹಾಕುವ ಅದೇ ಷರಾಯಿ, ಅದೇ ಅಂಗಿ, ಅದೇ ಟೋಪಿ ಹಾಕಿಕೊಳ್ಳುತ್ತಾರೆ. ಬೆನ್ನ ಮೇಲೆ ನಂಬರು ಬೇರೆ. ಇವರು ಇನ್ನೇನು ಬ್ಯಾಟು ಹಿಡಿದು ಹೋಗಿಬಿಡುತ್ತಾರೇನೋ ಎನ್ನಿಸಬೇಕು, ಹಾಗೆ. ಆದರೆ ಹೋಗುವುದಿಲ್ಲ. ಅವರ ಆಟ ಎಂದೋ ಮುಗಿದಿರುತ್ತದೆ.

ನಾನು ಇದನ್ನು ಕಂಡದ್ದು 2018ರಲ್ಲಿ. ನಿವೃತ್ತಿಯಾದ ಮರುವರ್ಷವೇ ಮಗಳ ಬಾಣಂತನಕ್ಕೆಂದು ಅಮೆರಿಕದ ಉತ್ತರ ಕ್ಯಾರೊಲಿನಾದ ಡರ್ಹಮ್ ಎಂಬ ಊರಿಗೆ ಹೋಗಿದ್ದೆ. ಹಿಂದೆ ತಂಬಾಕಿನ ಊರು, ಈಗ ಆಸ್ಪತ್ರೆ, ವಿಶ್ವವಿದ್ಯಾಲಯ, ಕಂಪ್ಯೂಟರ್ ಕೆಲಸದ ಊರು. ಕನ್ನಡದವರಿಗೇನೂ ಬರವಿಲ್ಲ. ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಸಾರು ಅನ್ನ, ಹೀಗೇ ದಿನ ಹೋಗುತ್ತಿದ್ದಾಗ ಅಳಿಯಂದಿರು ಒಂದು ಸಂಜೆ, "ಅತ್ತೆ, ನೀವು ಆಟ ಆಡಿಸಿದವರು, ಮನೇಲೇ ಎಷ್ಟೂಂತ ಕೂತಿರ್ತೀರಿ, ಬನ್ನಿ ಒಂದು ಮ್ಯಾಚ್ ನೋಡ್ಕೊಂಡು ಬರೋಣ" ಎಂದರು. ಮಗಳೂ, "ಹೋಗಿ ಬಾಮ್ಮ, ಎರಡು ಗಂಟೆ ನಾನು ನೋಡ್ಕೋತೀನಿ" ಎಂದಳು. ಎರಡು ಗಂಟೆಯಲ್ಲಿ ಮುಗಿಯುವ ಆಟ ಅದಲ್ಲ ಎಂದು ನಮಗಿಬ್ಬರಿಗೂ ಆಮೇಲೆ ಗೊತ್ತಾಯಿತು.

ಆ ಊರಿನ ತಂಡದ ಹೆಸರು ಡರ್ಹಮ್ ಬುಲ್ಸ್. ಹೆಸರಿಗೆ ತಕ್ಕಂತೆ ಮೈದಾನದ ಎಡತುದಿಯ ಎತ್ತರದ ಗೋಡೆಯ ಮೇಲೆ ಒಂದು ದೊಡ್ಡ ಹಲಗೆಯ ಗೂಳಿ. ತಮ್ಮವರು ಚೆಂಡನ್ನು ಬೇಲಿಯಾಚೆ ಹೊಡೆದರೆ ಅದರ ಕಣ್ಣು ಕೆಂಪಗೆ ಹೊಳೆದು ಮೂಗಿನಿಂದ ಹೊಗೆ ಬರುತ್ತದೆ. ಗೂಳಿಗೇ ಚೆಂಡು ತಾಗಿಸಿದರೆ ಮಾಂಸದೂಟ, ಕೆಳಗಿನ ಹುಲ್ಲಿಗೆ ತಾಗಿಸಿದರೆ ಸೊಪ್ಪು ತರಕಾರಿಯ ಸಲಾಡು ಬಹುಮಾನ ಎಂದು ಬರೆದಿದ್ದಾರೆ. ನನ್ನಂಥವರನ್ನೂ ನೆನೆದಿದ್ದಾರಲ್ಲ ಎಂದು ಸಂತೋಷವಾಯಿತು.

ಇದು ಅಲ್ಲಿನ ಅತಿ ದೊಡ್ಡ ಆಟವಲ್ಲ. ದೊಡ್ಡ ಲೀಗಿನಲ್ಲಿ 30 ತಂಡಗಳು. ಅವುಗಳ ಕೆಳಗೆ ಹುಡುಗರನ್ನು ಬೆಳೆಸಲು ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಲೀಗುಗಳು. ನಾನು ಹೋದಾಗ ಅಂಥ ತಂಡಗಳು ದೇಶದಲ್ಲಿ ಸುಮಾರು 160 ಇದ್ದವು. 2021ರಲ್ಲಿ ಅದನ್ನು 120ಕ್ಕೆ ಇಳಿಸಿದರು, ದೊಡ್ಡ ತಂಡವೊಂದಕ್ಕೆ ನಾಲ್ಕರಂತೆ. ನಮ್ಮಲ್ಲಿ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ, ರಾಜ್ಯ ಮಟ್ಟ ಎಂದು ಇಲ್ಲವೇ, ಹಾಗೆಂದುಕೊಳ್ಳಿ. ಡರ್ಹಮ್ಮಿನದು ಮೇಲಿನಿಂದ ಎರಡನೇ ಮೆಟ್ಟಿಲು. ಅದರ ಯಜಮಾನ ತಂಡ ಫ್ಲಾರಿಡಾದ ಟ್ಯಾಂಪಾ ಬೇ ರೇಸ್. ಒಂದೇ ಮೆಟ್ಟಿಲು ಹತ್ತಿದರೆ ಲಕ್ಷಗಟ್ಟಲೆ ಡಾಲರಿನ ಸಂಬಳ. ಹತ್ತದವರಿಗೆ? 2023ರಲ್ಲಿ ಆಟಗಾರರ ಸಂಘ ಮೊದಲ ಬಾರಿ ಒಪ್ಪಂದ ಮಾಡಿಕೊಳ್ಳುವವರೆಗೆ ಈ ಎರಡನೇ ಮೆಟ್ಟಿಲಿನಲ್ಲೇ ವರ್ಷದ ಕನಿಷ್ಠ ಸಂಬಳ 17,500 ಡಾಲರು. ಒಪ್ಪಂದದ ಮೇಲೆ 35,800 ಆಯಿತು. ಆ ಸಂಘದಲ್ಲಿ ಆಟಗಾರರಿದ್ದಾರೆ, ಕೋಚುಗಳಿಲ್ಲ.

ನನಗೆ ಬೇಸ್‌ಬಾಲಿನ ಲೆಕ್ಕ ತಿಳಿಯಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಬೇಸು, ಅವನ್ನು ಸುತ್ತಿ ಬಂದರೆ ಒಂದು ಓಟ, ಅಷ್ಟು ಸಾಕಾಯಿತು. ಆದ್ದರಿಂದ ನನ್ನ ಕಣ್ಣು ಚೆಂಡನ್ನು ಬಿಟ್ಟು ಮೂರನೇ ಬೇಸಿನ ಬಳಿ ನಿಂತಿದ್ದವನ ಮೇಲೆ ನೆಟ್ಟಿತು. ಆತ ಟೋಪಿ ಮುಟ್ಟುತ್ತಾನೆ, ಮೂಗು ಮುಟ್ಟುತ್ತಾನೆ, ಎದೆ ಸವರಿ, ಬೆಲ್ಟು ಹಿಡಿದು, ತೋಳು ಉಜ್ಜಿ, ಮತ್ತೆ ಟೋಪಿ. ಸೊಳ್ಳೆ ಕಡಿದವರ ಹಾಗೆ! ಅದೆಲ್ಲ ಸಂಜ್ಞೆಯಂತೆ. ಅದರಲ್ಲೂ ಹೆಚ್ಚಿನವು ಸುಳ್ಳು. ಮೊದಲೇ ಮಾತಾಡಿಕೊಂಡ ಒಂದು ಜಾಗ ಮುಟ್ಟಿದ ಮೇಲೆ ಬರುವುದಷ್ಟೇ ನಿಜ. ನೆಂಟರು ಕೂತಿರುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಲು ಸಾಲದೆಂದು ಕಣ್ಣಲ್ಲೇ ಹೇಳುವ ವಿದ್ಯೆ ಬಲ್ಲ ನಮಗೆ ಇದು ಕಷ್ಟವೇನಲ್ಲ. ಹುಡುಗನೊಬ್ಬ ಓಡಿ ಬರುವಾಗ ಆತನ ಕೈ ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು, ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಹೋಗಿ ಅಲ್ಲೇ ತಡೆಯುತ್ತಿತ್ತು. ಆ ಎರಡು ಹೆಜ್ಜೆಯನ್ನು ನಾನು ಬಲ್ಲೆ.

1974ರಲ್ಲಿ ನಾನು ರಾಜ್ಯ ಖೋ ಖೋ ತಂಡದ ಆಯ್ಕೆ ಶಿಬಿರದವರೆಗೆ ಹೋಗಿ ವಾಪಸು ಬಂದವಳು. ಪಟ್ಟಿ ಓದಿದರು, ನನ್ನ ಹೆಸರು ಇರಲಿಲ್ಲ. ಅಪ್ಪನ ಜೊತೆ ರಾತ್ರಿ ಬಸ್ಸಿನಲ್ಲಿ ಅರಸೀಕೆರೆಗೆ ಬಂದೆ. ಮುಂದೆ ತರಬೇತಿ ಮುಗಿಸಿ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರಾದೆ. ಮೊದಲ ಐದಾರು ವರ್ಷ ಹುಡುಗಿಯರು ಕಂಬದ ಹತ್ತಿರ ತಿರುಗುವಾಗ ನನ್ನ ಹಿಮ್ಮಡಿ ತಾನೇ ತಿರುಗುತ್ತಿತ್ತು. ಅದು ನಿಂತು ಹೋಗುವ ಹೊತ್ತಿಗೆ ನಾನು ಸ್ವಲ್ಪ ಒಳ್ಳೆಯ ಟೀಚರಾಗಿದ್ದೆ ಎಂದು ಕಾಣುತ್ತದೆ. ಆದರೆ ಪೂರ್ತಿ ನಿಂತಿತ್ತು ಎಂದು ಹೇಳಲಾರೆ.

ನಾನು ನೋಡಿದ ವರ್ಷ ಡರ್ಹಮ್ ತಂಡವನ್ನು ನಡೆಸುತ್ತಿದ್ದವನು ಜಾರೆಡ್ ಸ್ಯಾಂಡ್‌ಬರ್ಗ್. 2001ರಿಂದ 2003ರವರೆಗೆ ಮೂರು ವರ್ಷ ಟ್ಯಾಂಪಾ ಬೇ ಪರ ದೊಡ್ಡ ಲೀಗಿನಲ್ಲಿ ಆಡಿ, ಆಮೇಲೆ ಅಲ್ಲಿಗೆ ಆಟಗಾರನಾಗಿ ಮರಳದವನು. ಅವನಿಗೆ ಮೊದಲು 2007ರಿಂದ 2014ರವರೆಗೆ ಅದೇ ಕೆಲಸದಲ್ಲಿದ್ದವನು ಪೋರ್ಟೊ ರಿಕೊದ ಚಾರ್ಲಿ ಮೊಂಟೊಯೊ. ಇವನ ಲೆಕ್ಕ ಇನ್ನೂ ಸಣ್ಣದು. 1993ರಲ್ಲಿ ಮಾಂಟ್ರಿಯಲ್ ತಂಡಕ್ಕೆ ನಾಲ್ಕು ಪಂದ್ಯ, ಬ್ಯಾಟು ಹಿಡಿದದ್ದು ಐದು ಸಲ. ಮುಗಿಯಿತು. ಆಮೇಲೆ 18 ವರ್ಷ ಸಣ್ಣ ಊರುಗಳಲ್ಲಿ ಹುಡುಗರನ್ನು ತಿದ್ದುತ್ತಾ ಕಳೆದ. 2019ರಲ್ಲಿ ಟೊರಾಂಟೋದ ದೊಡ್ಡ ತಂಡಕ್ಕೆ ಮುಖ್ಯಸ್ಥನಾಗಿ ಹೋದ. 2022ರಲ್ಲಿ, ಆಟದ ಋತುವಿನ ನಡುವೆಯೇ ಅವನನ್ನು ತೆಗೆದರು.

ಇವರ ಕೆಲಸದಲ್ಲಿ ಇನ್ನೊಂದು ಸಂಕಟವಿದೆ. ಅದನ್ನು ಕೇಳಿದ ಮೇಲೆ ನನಗೆ ಆ ಮೇಷ್ಟರುಗಳು ನೆಂಟರಂತೆ ಕಂಡರು. ಇವರು ಗೆಲ್ಲಬೇಕು, ಆದರೆ ಇವರನ್ನು ಇಟ್ಟುಕೊಂಡಿರುವುದು ಗೆಲ್ಲಲಿಕ್ಕಲ್ಲ. ಹುಡುಗ ಚೆನ್ನಾಗಿ ಆಡಲು ಶುರು ಮಾಡಿದ ದಿನವೇ ಮೇಲಿನಿಂದ ಫೋನು ಬರುತ್ತದೆ. ಮೇಷ್ಟರು ಅವನನ್ನು ಕೋಣೆಗೆ ಕರೆದು, "ಹೊರಡು, ನಿನ್ನನ್ನು ಕರೆದಿದ್ದಾರೆ" ಎನ್ನಬೇಕು. 2018ರ ಮೇ ತಿಂಗಳಲ್ಲಿ ಡರ್ಹಮ್ಮಿನ ವಿಲಿ ಆಡಮೆಸ್ ಎಂಬ ಡೊಮಿನಿಕನ್ ಹುಡುಗನನ್ನು ಹೀಗೆ ಕರೆಸಿಕೊಂಡರು. ಮೇ 22ರಂದು ತನ್ನ ಮೊದಲ ಪಂದ್ಯದಲ್ಲೇ ಅವನು ಹೆಸರಾಂತ ಎಸೆಗಾರ ಕ್ರಿಸ್ ಸೇಲ್ ಎಸೆದ ಚೆಂಡನ್ನು ಬೇಲಿಯಾಚೆ ಅಟ್ಟಿದ. ಎಲ್ಲರಿಗೂ ಆ ಫೋನು ಬರುವುದಿಲ್ಲವಷ್ಟೆ. ಬಾರದವರಿಗೆ, "ಇನ್ನು ನೀನು ಬೇಡವಂತೆ" ಎಂದು ಹೇಳುವುದೂ ಅದೇ ಕೋಣೆಯಲ್ಲಿ, ಅದೇ ಮೇಷ್ಟರು. ಹೇಳುವವನೂ ಒಂದು ಕಾಲಕ್ಕೆ ಮೇಜಿನ ಈಚೆ ನಿಂತು ಅದೇ ಮಾತು ಕೇಳಿಸಿಕೊಂಡವನೇ.

ನಮ್ಮಲ್ಲಿ ಕ್ರೀಡಾ ಹಾಸ್ಟೆಲಿನ ಆಯ್ಕೆ ಎಂದು ಆಗುತ್ತಿತ್ತು. ನಾಲ್ಕು ವರ್ಷ ಮಣ್ಣಲ್ಲಿ ಹೊರಳಾಡಿಸಿ ತಯಾರು ಮಾಡಿದ ಹುಡುಗಿಯನ್ನು ಆರಿಸಿಕೊಂಡು ಹೋದರೆ ಆ ವರ್ಷ ನಮ್ಮ ಶಾಲೆ ತಾಲ್ಲೂಕಿನಲ್ಲೇ ಸೋಲುತ್ತಿತ್ತು. ಹೆಡ್‌ಮೇಷ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ, "ಏನಮ್ಮಾ, ಈ ಸಲ ಕಪ್ಪು ಬರಲಿಲ್ಲ?" ಎನ್ನುತ್ತಿದ್ದರು. ಹುಡುಗಿಯನ್ನು ಕಳಿಸಿದೆನಲ್ಲ, ಅದಕ್ಕೆ ಯಾವ ಕಪ್ಪು ಎಂದು ಅವರನ್ನು ಕೇಳುವ ಕಾಲ ಅದಲ್ಲ. ಒಬ್ಬಳ ತಂದೆಯಂತೂ ಹಾಸ್ಟೆಲಿಗೆ ಕಳಿಸುವುದಿಲ್ಲ ಎಂದು ಹಟ ಹಿಡಿದರು. ನಾಲ್ಕು ದಿನ ಅವರ ಮನೆಗೆ ಅಲೆದೆ. ಕಾಫಿ ಕೊಟ್ಟರು, ತಾಂಬೂಲ ಕೊಟ್ಟರು, ಹುಡುಗಿಯನ್ನು ಕೊಡಲಿಲ್ಲ. ಆ ವರ್ಷ ನಮಗೆ ಕಪ್ಪು ಬಂತು. ಅದನ್ನು ಹಿಡಿದುಕೊಂಡು ಫೋಟೋಕ್ಕೆ ನಿಂತ ಅವಳ ಮುಖವನ್ನು ನಾನು ಮರೆತಿಲ್ಲ.

ಮಗಳ ಮನೆಯ ಹತ್ತಿರದ ಲೈಬ್ರರಿಯಿಂದ ಬೇಸ್‌ಬಾಲ್ ಪುಸ್ತಕಗಳನ್ನು ತರಿಸಿ ಮಗು ಮಲಗಿದ ಹೊತ್ತಿನಲ್ಲಿ ಓದತೊಡಗಿದೆ. ಅವುಗಳಲ್ಲಿ ಸಿಕ್ಕ ವಾಲ್ಟರ್ ಆಲ್‌ಸ್ಟನ್ ನನಗೆ ಬಹಳ ಹಿಡಿಸಿದ. 1936ರಲ್ಲಿ ದೊಡ್ಡ ಲೀಗಿನಲ್ಲಿ ಒಂದೇ ಒಂದು ಸಲ ಬ್ಯಾಟು ಹಿಡಿದು, ಔಟಾಗಿ ಬಂದ. ಮತ್ತೆ ಕರೆ ಬರಲಿಲ್ಲ. ಚಳಿಗಾಲದಲ್ಲಿ ಓಹಾಯೋದ ಸ್ಕೂಲಿನಲ್ಲಿ ಪಾಠ, ಬೇಸಿಗೆಯಲ್ಲಿ ಸಣ್ಣ ತಂಡಗಳಿಗೆ ಮೇಷ್ಟರು. 1946ರಲ್ಲಿ ನ್ಯಾಶುವಾ ಎಂಬ ಊರಿನಲ್ಲಿ ಅವನ ಕೈಕೆಳಗೆ ರಾಯ್ ಕ್ಯಾಂಪನೆಲ್ಲಾ, ಡಾನ್ ನ್ಯೂಕೋಂಬ್ ಎಂಬ ಇಬ್ಬರು ಕಪ್ಪು ಆಟಗಾರರಿದ್ದರು. ದೊಡ್ಡ ಲೀಗು ಕರಿಯರಿಗೆ ಇನ್ನೂ ಬಾಗಿಲು ತೆರೆದಿರದ ವರ್ಷ ಅದು. 1954ರಲ್ಲಿ ಬ್ರೂಕ್‌ಲಿನ್ ಡಾಡ್ಜರ್ಸ್ ತಂಡಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದರು. ಅಲ್ಲಿ 23 ವರ್ಷ ಇದ್ದ, ನಾಲ್ಕು ಸಲ ವರ್ಲ್ಡ್ ಸೀರೀಸ್ ಗೆದ್ದ. ಆದರೆ ಕೇಳಿ, ಆ 23 ವರ್ಷವೂ ಅವನಿಗೆ ಕೊಟ್ಟದ್ದು ಒಂದೊಂದೇ ವರ್ಷದ ಕರಾರು! ನಮ್ಮ ಎಷ್ಟು ಜನ ಟೀಚರುಗಳು ಜೂನ್ ಬಂದರೆ ಈ ಸಲ ಆರ್ಡರು ಬರುತ್ತದೋ ಇಲ್ಲವೋ ಎಂದು ಕಾಯುತ್ತಾರೆ, ಅವರಿಗೆ ಈ ಕಥೆ ಹೇಳಬೇಕು. ಸಮಾಧಾನಕ್ಕಲ್ಲ, ಗೊತ್ತಿರಲಿ ಎಂದು.

ಮೇಲೆ ಮೆರೆದವರು ಕೆಳಗೆ ಬಂದು ಮೇಷ್ಟರಾಗುವುದು ಅಪರೂಪ. ಜಾರೆಡ್‌ನ ಚಿಕ್ಕಪ್ಪ ರೈನ್ ಸ್ಯಾಂಡ್‌ಬರ್ಗ್ ಅಂಥವನು. ಷಿಕಾಗೋ ಕಬ್ಸ್ ತಂಡದ ಕಣ್ಮಣಿ, ಒಂದು ಕಾಲಕ್ಕೆ ಎಲ್ಲರಿಗಿಂತ ಹೆಚ್ಚು ಸಂಬಳದ ಕರಾರು ಪಡೆದವನು, 2005ರಲ್ಲಿ ಹಾಲ್ ಆಫ್ ಫೇಮ್ ಸೇರಿದವನು. ತಂಡ ನಡೆಸುವ ಆಸೆಯಾದಾಗ ಕೆಳಗಿನಿಂದ ಬಾ ಎಂದರು. 2007ರಲ್ಲಿ ಪಿಯೋರಿಯಾ ಎಂಬ ಊರಿನ ಕೆಳದರ್ಜೆಯ ತಂಡಕ್ಕೆ ಹೋಗಿ ಹುಡುಗರ ಜೊತೆ ಬಸ್ಸಿನಲ್ಲಿ ಊರೂರು ಸುತ್ತಿದ. ಒಂದೊಂದೇ ಮೆಟ್ಟಿಲು ಹತ್ತಿ ಬಂದರೂ ಕಬ್ಸ್ ಆ ಕೆಲಸ ಕೊಡಲಿಲ್ಲ, ಕೊಟ್ಟದ್ದು 2013ರಲ್ಲಿ ಫಿಲಡೆಲ್ಫಿಯಾ. ಎರಡೇ ವರ್ಷದಲ್ಲಿ ಬಿಟ್ಟ. 2025ರ ಜುಲೈನಲ್ಲಿ ತೀರಿಕೊಂಡ ಸುದ್ದಿಯನ್ನು ಮಗಳು ಕಳಿಸಿದಳು. ನಾನು ಕಂಡಿರದ ಮನುಷ್ಯ, ಆದರೂ ಆ ಬಸ್ಸು ಕಣ್ಣ ಮುಂದೆ ಬಂತು.

ಮೊದಲನೇ ಬೇಸಿನ ಬಳಿ ನಿಲ್ಲುವ ಕೋಚು ಬ್ಯಾಟು ಹಿಡಿಯುವುದಿಲ್ಲ, ಓಡುವುದಿಲ್ಲ. ಆದರೂ ತಲೆಗೆ ಹೆಲ್ಮೆಟ್ಟು. ಅದು ಮೈಕ್ ಕೂಲ್‌ಬಾ ಸತ್ತ ಮೇಲೆ ಬಂದದ್ದು. ಆತ 17 ವರ್ಷ ಸಣ್ಣ ಲೀಗುಗಳಲ್ಲಿ ಆಡಿದ. ದೊಡ್ಡ ಲೀಗಿನಲ್ಲಿ ಎರಡು ವರ್ಷ ಸೇರಿ ಆಡಿದ್ದು 44 ಪಂದ್ಯ. ಆಟ ಮುಗಿದು ಮನೆಯಲ್ಲಿದ್ದ. ಅಪ್ಪ ಮತ್ತೆ ಮೈದಾನಕ್ಕೆ ಇಳಿಯಬೇಕು ಎಂದು ಇಬ್ಬರು ಪುಟ್ಟ ಗಂಡುಮಕ್ಕಳಿಗೆ ಆಸೆ. 2007ರ ಜುಲೈ ಮೊದಲ ವಾರ ಟಲ್ಸಾ ತಂಡಕ್ಕೆ ಬ್ಯಾಟಿಂಗ್ ಕೋಚಾಗಿ ಸೇರಿದ. ಜುಲೈ 22ರಂದು ಆರ್ಕನ್ಸಾದ ನಾರ್ತ್ ಲಿಟ್ಲ್ ರಾಕ್‌ನಲ್ಲಿ, ಮೊದಲನೇ ಬೇಸಿನ ಬಳಿ ನಿಂತಿದ್ದಾಗ ತಮ್ಮ ತಂಡದವನೇ ಹೊಡೆದ ಚೆಂಡು ಕುತ್ತಿಗೆಗೆ ಬಡಿಯಿತು. ಆಗ ಅವನಿಗೆ 35 ವರ್ಷ. ಹೆಂಡತಿಗೆ ಮೂರನೆಯ ಮಗು ಹೊಟ್ಟೆಯಲ್ಲಿ.

ಟಲ್ಸಾದ ಆಗಿನ ಯಜಮಾನ ತಂಡ ಕೊಲೊರಾಡೋ ರಾಕೀಸ್. ಆ ವರ್ಷ ಅದು ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಬರುವ ಬಹುಮಾನದ ಹಣ ಹಂಚುವಾಗ ಆಟಗಾರರು, ತಮ್ಮ ಒಬ್ಬೊಬ್ಬರ ಪೂರ್ತಿ ಪಾಲಿನಷ್ಟೇ ಕೂಲ್‌ಬಾನ ಹೆಂಡತಿಗೂ ಸಲ್ಲಬೇಕೆಂದು ತೀರ್ಮಾನಿಸಿದರು. ಅಕ್ಟೋಬರಿನಲ್ಲಿ ಡೆನ್ವರಿನ ಒಂದು ಪಂದ್ಯಕ್ಕೆ ಮೊದಲ ಚೆಂಡು ಎಸೆದದ್ದು ಆ ಇಬ್ಬರು ಹುಡುಗರೇ. ಅದೇ ತಿಂಗಳು ತಂಗಿ ಹುಟ್ಟಿದಳು. ಬೇಸಿನ ಬಳಿ ನಿಲ್ಲುವ ಕೋಚುಗಳಿಗೆ ಹೆಲ್ಮೆಟ್ಟು ಕಡ್ಡಾಯವಾದದ್ದು 2008ರಲ್ಲಿ. ಲ್ಯಾರಿ ಬೋವಾ ಎಂಬ ಹಳೇ ಹುಲಿ ತನಗೆ ಬೇಡವೆಂದು ಗೊಣಗಾಡಿದನಂತೆ. ಗಂಡಸರ ಗೊಣಗಾಟ, ನಮ್ಮೂರ ಸ್ಕೂಟರಿನವರಿಗಿಂತ ಬೇರೆಯಲ್ಲ.

ಇಷ್ಟು ಹೊತ್ತು ಬರೀ ಗಂಡಸರ ಮಾತಾಯಿತು. ನಾನು ಹೋದಾಗ ಈ ಲೀಗುಗಳಲ್ಲಿ ಹೆಣ್ಣು ಮೇಷ್ಟರು ತಂಡ ನಡೆಸಿದ್ದೇ ಇರಲಿಲ್ಲ. ರೇಚಲ್ ಬಾಲ್ಕೊವೆಕ್ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದವಳು. ಬೇಸ್‌ಬಾಲ್ ತಂಡಗಳಿಗೆ ದೇಹ ತಯಾರಿಯ ಕೋಚಾಗಲು ಅರ್ಜಿ ಹಾಕಿದರೆ ಉತ್ತರವೇ ಇಲ್ಲ. ಅವಳ ಅಕ್ಕತಂಗಿಯರಲ್ಲೊಬ್ಬಳು, ಅರ್ಜಿಯಲ್ಲಿ ಹೆಸರನ್ನು ಗಂಡಸಿನ ಹೆಸರಿನಂತೆ ಕೇಳಿಸುವ "ರೇ" ಎಂದು ಬರೆದು ನೋಡು ಎಂದಳಂತೆ. ಬರೆದದ್ದೇ ತಡ, ಫೋನುಗಳು ಬರತೊಡಗಿದವು. ಎತ್ತಿದವಳು ಹೆಂಗಸು ಎಂದು ತಿಳಿದ ಮೇಲೆ ಮಾತು ಮುಗಿಯುತ್ತಿತ್ತು. ಆದರೂ ಬಿಡಲಿಲ್ಲ. 2022ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನವರು ಟ್ಯಾಂಪಾದ ತಮ್ಮ ಕೆಳದರ್ಜೆ ತಂಡವನ್ನು ಅವಳ ಕೈಗೆ ಕೊಟ್ಟರು. ಕೆಲಸ ಶುರುವಾಗುವ ಕೆಲವೇ ದಿನ ಮುಂಚೆ, ಮಾರ್ಚಿನಲ್ಲಿ, ಅಭ್ಯಾಸದ ಚೆಂಡು ಮುಖಕ್ಕೆ ಬಡಿದು ಕಣ್ಣು ಊದಿಕೊಂಡಿತು. ಏಪ್ರಿಲ್ 8ರಂದು ಮೊದಲ ಪಂದ್ಯ, 9-6ರಿಂದ ಗೆದ್ದರು.

ಎರಡು ವರ್ಷ ಅವಳು ಆ ಹುಡುಗರನ್ನು ಆಡಿಸಿದಳು. 2024ರ ಜನವರಿಯಲ್ಲಿ ಮಯಾಮಿಯ ದೊಡ್ಡ ತಂಡದವರು ತಮ್ಮ ಎಲ್ಲ ಮೆಟ್ಟಿಲಿನ ಹುಡುಗರನ್ನು ಬೆಳೆಸುವ ಕೆಲಸ ವಹಿಸಿ ಕರೆಸಿಕೊಂಡರು. ಈ ಸಲ ಮೇಲಿನವರ ಫೋನು ಬಂದದ್ದು ಮೇಷ್ಟರಿಗೇ. ಹುಡುಗರು ಟ್ಯಾಂಪಾದಲ್ಲೇ ಉಳಿದರು, ಏಪ್ರಿಲಿಗೆ ಅವರಿಗೆ ಬೇರೆ ಮೇಷ್ಟರು ಬಂದರು.