ಅಪ್ಪಯ್ಯನ ಹೆಸರಿನ ಬಾಕಿ

ಮಾಡದ ಸಾಲಕ್ಕೆ ಹೆದರುವಷ್ಟು ಮಾಡಿದ ಸಾಲಕ್ಕೆ ನಮ್ಮ ಕಡೆಯ ಜನ ಹೆದರುವುದಿಲ್ಲ. ಮಳೆಗಾಲದ ಖರ್ಚಿಗೆ ಮುಂಗಡ ಪಡೆದು, ಅಡಿಕೆ ಮಾರಿದ ಮೇಲೆ ಅದನ್ನು ತೀರಿಸುವುದು ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ತಲೆಮಾರುಗಳ ವಾಡಿಕೆ. 1923ರಿಂದಲೂ ಶಿರಸಿಯಲ್ಲಿ ತೋಟಗಾರರದೇ ಸಹಕಾರಿ ಮಾರಾಟ ಸಂಘವಿದೆ. ಅಲ್ಲಿ ಲೆಕ್ಕ ತಪ್ಪಿದಂತೆ ತೋರಿದರೆ ಗುಮಾಸ್ತರೆದುರು ನಿಂತು, ಒಂದು ಕವಳ ಮುಗಿಯುವುದರೊಳಗೆ ಕೇಳಿ ತಿಳಿದುಕೊಳ್ಳಬಹುದು. ಆದರೆ ಮುಖವೇ ಇಲ್ಲದ ಸಾಹುಕಾರನೊಡನೆ ಲೆಕ್ಕ ಮಾಡುವುದು ಹೇಗೆ?

2024ರ ನವೆಂಬರಿನಲ್ಲಿ, ಕೊನೆಕೊಯ್ಲಿನ ಗಡಿಬಿಡಿಯ ನಡುವೆ, ನಮ್ಮ ಮನೆಗೆ ಅಂಥ ಸಾಹುಕಾರನೊಬ್ಬನ ಕಾಗದ ಬಂದಿತು. ಹಿಂದೆ ನಮಗೆ ಇಂಟರ್ನೆಟ್ ಒದಗಿಸುತ್ತಿದ್ದ ಸಂಸ್ಥೆಯ ಪರವಾಗಿ, ದೂರದ ನಗರದ ವಸೂಲಿಗಾರರು ಬರೆದದ್ದು. 2021ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ನಾಲ್ಕು ತಿಂಗಳ ಬಾಡಿಗೆ, ತಿಂಗಳಿಗೆ 590 ರೂಪಾಯಿಯಂತೆ 2,360 ರೂಪಾಯಿ ಬಾಕಿಯಂತೆ. ಏಳು ದಿನಗಳಲ್ಲಿ ಕಟ್ಟದಿದ್ದರೆ ಕಾನೂನು ಕ್ರಮವಂತೆ. ಕಾಗದದ ಮೇಲಿದ್ದದ್ದು ನನ್ನ ತಂದೆಯವರ ಹೆಸರು. ಅವರು ತೀರಿಕೊಂಡು ಆಗಲೇ ಒಂದು ವರ್ಷ ಕಳೆದಿತ್ತು.

ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ ಮನೆಗಳನ್ನು ನುಂಗಿದ 2021ರ ಜುಲೈ ತಿಂಗಳ ಮಳೆ ವಾಚಕರಿಗೆ ನೆನಪಿರಬಹುದು. ಅದೇ ಮಳೆಯಲ್ಲಿ ನಮ್ಮೂರ ದಾರಿಯ ಮರಗಳು ಉರುಳಿ ತಂತಿ ಹರಿದು ಹೋಯಿತು. ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುತ್ತಿದ್ದ ನನ್ನ ಮಗ ಮಡಿಲಲ್ಲಿ ಕಂಪ್ಯೂಟರ್, ತಲೆಯ ಮೇಲೆ ಕೊಡೆ ಹಿಡಿದು, ಮೊಬೈಲಿನ ಸಂಕೇತ ಸಿಗುವ ಗುಡ್ಡದ ನೆತ್ತಿಯಲ್ಲಿ ಕುಳಿತಿರುತ್ತಿದ್ದ. ತಂದೆಯವರು ವಾರಕ್ಕೊಮ್ಮೆ ದೂರು ಕೊಟ್ಟರು. ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮ. ಸಂಖ್ಯೆಗಳೇನೋ ಬಂದವು; ಲೈನ್‌ಮನ್ ಬರಲಿಲ್ಲ. ಆಗಸ್ಟ್ ಕೊನೆಯಲ್ಲಿ ಅವರು ಮೋಡೆಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಶಿರಸಿಗೆ ಹೋಗಿ, ಸಂಸ್ಥೆಯ ಕಚೇರಿಯಲ್ಲಿ ಒಪ್ಪಿಸಿ ಬಂದರು. ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದೆವು. ಅನಂತರ ಮಾರಿಕಾಂಬೆಯ ಜಾತ್ರೆಯೇ ಎರಡು ಸಲ ನಡೆದುಹೋಯಿತು.

ಕಾಗದದ ಬೆನ್ನಿಗೇ ದೂರವಾಣಿಯ ಕರೆ. ತಂದೆಯವರನ್ನು ಕೇಳಿದರು. ತೀರಿಕೊಂಡಿದ್ದಾರೆ ಎಂದೆ. “ಹಾಗಾದರೆ ಬಾಕಿ ಯಾರು ಕಟ್ಟುತ್ತಾರೆ ಸಾರ್?” ಎಂದಿತು ಆ ಕಡೆಯ ಎಳೆಯ ದನಿ. ಹುಡುಗನನ್ನು ನಾನು ದೂರುವುದಿಲ್ಲ. ಅವನ ಕೈಗೆ ಯಾರೋ ಒಂದು ಪಟ್ಟಿ ಕೊಟ್ಟಿದ್ದರು, ಅವನು ಓದುತ್ತಿದ್ದ. ಕೊನೆಗೆ ದಯೆ ತೋರುವವನಂತೆ, “ಐನೂರು ಕಟ್ಟಿ, ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ, ಉಳಿದದ್ದನ್ನು ನೋಡೋಣ” ಎಂದ.

ಯಲ್ಲಾಪುರದಲ್ಲಿರುವ ತಂಗಿ ಸುದ್ದಿ ಕೇಳಿ ಕಣ್ಣೀರಿಟ್ಟಳು. “ಅಣ್ಣಾ, ಐನೂರಲ್ಲ, ಎಲ್ಲವನ್ನೂ ಕಟ್ಟಿಬಿಡು. ಅಪ್ಪಯ್ಯ ಯಾರ ಹತ್ತಿರವೂ ಒಂದು ರೂಪಾಯಿ ಉಳಿಸಿಕೊಂಡವನಲ್ಲ. ಅವನ ಹೆಸರು ಇಂಥ ಕಾಗದದಲ್ಲಿ ಇರಬಾರದು.” ನನ್ನ ವಾದವೂ ಅದೇ ಆಗಿತ್ತು, ಆದರೆ ಅದೇ ಕಾರಣಕ್ಕೆ ಕಟ್ಟಕೂಡದೆಂದು ನಾನು. ಕಟ್ಟಿದರೆ ಅವರು ಬಾಕಿದಾರರೆಂದು ನಾವೇ ಬರೆದುಕೊಟ್ಟಂತಲ್ಲವೇ? ಎರಡು ದಿನ ಅಣ್ಣ ತಂಗಿಯರು ಸರಿಯಾಗಿ ಮಾತಾಡಲಿಲ್ಲ.

ಸಿದ್ದಾಪುರದಲ್ಲಿ ವಕೀಲರಾಗಿರುವ ನಮ್ಮ ಭಾವನವರು ಕಾಗದವನ್ನು ಎರಡು ಸಲ ಓದಿ ನಕ್ಕರು. ಇಂಥ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಕೊಡುವುದು ಮೂರು ವರ್ಷ. ಆ ಅವಧಿ ಮುಗಿಯಲು ಬಂದಿತ್ತು. ಕಾಗದದ ಅವಸರ ಅದಕ್ಕೇ ಎಂಬುದು ಅವರ ಊಹೆ. ಅವಧಿಯೊಳಗೆ ಬಾಕಿಯನ್ನು ಸಹಿಮಾಡಿ ಒಪ್ಪಿಕೊಂಡರೆ, ಅಥವಾ ಒಂದಿಷ್ಟು ಕಟ್ಟಿ ಅದಕ್ಕೆ ತನ್ನ ಬರೆಹದ ಗುರುತು ಕೊಟ್ಟರೆ, ಮೂರು ವರ್ಷದ ಎಣಿಕೆ ಮತ್ತೆ ಮೊದಲಿನಿಂದ! ಹುಡುಗನ ಐನೂರು ರೂಪಾಯಿಯ ದಯೆಯ ಬೆಲೆ ಆಗ ನನಗೆ ತಿಳಿಯಿತು. ತೀರಿಕೊಂಡವರ ಸಾಲ ನಿಜವೇ ಆಗಿದ್ದರೂ, ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗಲ್ಲದೆ ಮಕ್ಕಳ ಕೈಯಿಂದ ವಸೂಲು ಮಾಡುವಂತಿಲ್ಲ ಎಂದೂ ಅವರು ಹೇಳಿದರು. “ಕಾಯಿದೆ ಹಾಗಿರಲಿ, ಮೋಡೆಮ್ ಕೊಟ್ಟ ರಸೀದಿ ಇದೆಯೋ?” ಎಂದರು.

ಇತ್ತು. ತಂದೆಯವರ ಕೋಣೆಯ ಗೋಡೆಯಲ್ಲಿ ಒಂದು ಕೊಕ್ಕೆತಂತಿ. ವಿದ್ಯುತ್ತಿನ ಬಿಲ್ಲು, ಗೊಬ್ಬರದ ಚೀಟಿ, ಔಷಧಿಯ ಲೆಕ್ಕ, ಎಲ್ಲವನ್ನೂ ಅದಕ್ಕೆ ಚುಚ್ಚಿಡುವುದು ಅವರ ರೂಢಿ. ಧೂಳು ಕೊಡವಿ ಒಂದೊಂದನ್ನೇ ತೆಗೆಯುತ್ತ ಬಂದಾಗ 2021ರ ಪದರ ಸಿಕ್ಕಿತು. ಸಂಪರ್ಕ ರದ್ದು ಮಾಡಬೇಕೆಂಬ ಅರ್ಜಿಯ ಪ್ರತಿ, ಅದರ ಮೇಲೆ ಕಚೇರಿಯ ಮೊಹರು, ದಿನಾಂಕ ಆಗಸ್ಟ್ 30. ಕೆಳಗೆ ಅವರದೇ ಅಕ್ಷರದಲ್ಲಿ: “ಜುಲೈವರೆಗಿನ ಹಣ ಕಟ್ಟಿದೆ. ಲೆಕ್ಕ ಚುಕ್ತಾ.” ಫೋನಿನಲ್ಲಿ ಅದನ್ನು ಓದಿ ಹೇಳಿದಾಗ ತಂಗಿ ಬಹಳ ಹೊತ್ತು ಸುಮ್ಮನಿದ್ದಳು.

ಉತ್ತರವನ್ನು ಭಾವನವರೇ ತಿದ್ದಿದರು. “ಬಾಕಿಯ ಬಗ್ಗೆ” ಎಂದು ನಾನು ಬರೆದದ್ದನ್ನು ಹೊಡೆದು “ತಾವು ಬಾಕಿಯೆಂದು ಹೇಳುವ ಮೊತ್ತದ ಬಗ್ಗೆ” ಎಂದು ಮಾಡಿದರು. ಇಂಥ ತಕರಾರನ್ನು ಗ್ರಾಹಕರ ಆಯೋಗವೂ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿರುವುದನ್ನು ಸೇರಿಸಿದರು. ನಮ್ಮ ಜಿಲ್ಲೆಯ ಆಯೋಗವಿರುವುದು ಕಾರವಾರದಲ್ಲಿ. ದೇವಿಮನೆ ಘಟ್ಟ ಇಳಿದು ಕುಮಟೆ, ಅಂಕೋಲೆ ದಾಟಬೇಕು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲವೆಂಬುದೇ ಸಮಾಧಾನ. ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದೆವು.

ಅಂಚೆಯ ಸ್ವೀಕೃತಿ ಹತ್ತು ದಿನಕ್ಕೆ ಮರಳಿತು. ಅನಂತರ ಕರೆಗಳು ನಿಂತವು. ಫೆಬ್ರವರಿಯಲ್ಲಿ ಸಂಸ್ಥೆಯಿಂದಲೇ ಒಂದು ಕಾಗದ: ಖಾತೆ ಮುಕ್ತಾಯವಾಗಿದೆ, ಬಾಕಿ ಸೊನ್ನೆ. ಕ್ಷಮೆಯ ಮಾತೊಂದೂ ಇರಲಿಲ್ಲ. ಜೊತೆಗೆ ಬಣ್ಣದ ಚೀಟಿಯೊಂದಿತ್ತು. ಹಳೆಯ ಗ್ರಾಹಕರಿಗೆ ಹೊಸ ಸಂಪರ್ಕ, ಮೊದಲ ತಿಂಗಳು ಉಚಿತ. ಅದೂ ತಂದೆಯವರ ಹೆಸರಿಗೇ ಬಂದಿತ್ತು. ಚೀಟಿಯನ್ನು ಮೊಮ್ಮಗಳು ದೋಣಿ ಮಾಡಲು ಒಯ್ದಳು. ಕಾಗದದ ಒಂದು ಪ್ರತಿಯನ್ನು ತಂಗಿಗೆ ಕಳುಹಿಸಿದೆ.